ಸಾಕೇ, ಸಾಕಾಯಿತೇ?

ಪ್ರಶ್ನಾವಳಿಯ ಹದಿನಾಲ್ಕನೇ ಪ್ರಶ್ನೆಗೆ ಬರುವ ಹೊತ್ತಿಗೆ ಅಜ್ಜಿ ಅರ್ಧ ಮೊರ ಅವರೆಕಾಯಿ ಸುಲಿದು ಮುಗಿಸಿದ್ದರು. ನನ್ನ ತಂಗಿಯ ಮಗಳು ಪೆನ್ನು ಹಿಡಿದು, ಕಾಗದದಲ್ಲಿದ್ದುದನ್ನು ಇದ್ದ ಹಾಗೇ ಓದಿದಳು: ‘ನಿಮ್ಮ ಗ್ರಾಮದ ಸುತ್ತ ಘೋಷಿಸಲಾಗಿರುವ ಪರಿಸರ ಸೂಕ್ಷ್ಮ ವಲಯದ ಬಗ್ಗೆ ನಿಮ್ಮ ತೃಪ್ತಿಯ ಮಟ್ಟವೇನು?’ ಅದರ ಕೆಳಗೆ ಸಾಲಾಗಿ ಐದು ಚೌಕ. ‘ಅತ್ಯಂತ ತೃಪ್ತಿ’ಯಿಂದ ಶುರುವಾಗಿ ‘ಅತ್ಯಂತ ಅತೃಪ್ತಿ’ಗೆ ಮುಗಿಯುವವು.

‘ತೃಪ್ತಿನಾ? ಊಟದ್ದಾ?’ ಎಂದರು ಅಜ್ಜಿ.

‘ಅಲ್ಲ ಅಜ್ಜಿ, ಕಾಡಿನ ಪಕ್ಕ ಬಫರ್ ಜೋನ್ ಅಂತ ಮಾಡಿದಾರಲ್ಲ, ಅದರದ್ದು.’

‘ಓ, ಆ ಜೋನಾ?’ ಅಜ್ಜಿ ಸಿಪ್ಪೆಯನ್ನು ಅಂಗಳದ ಮೇಕೆಯತ್ತ ಎಸೆದರು. ‘ಸಾಕಾಗೈತೆ ಕಣವ್ವ.’

ಹುಡುಗಿ ನನ್ನ ಮುಖ ನೋಡಿದಳು. ಅವಳ ಕಷ್ಟ ನನಗೆ ಅರ್ಥವಾಯಿತು. ಪಂಕ್ತಿಯಲ್ಲಿ ಬಡಿಸುವವರ ಮುಂದೆ ಎಲೆಗೆ ಕೈ ಅಡ್ಡ ಹಿಡಿದು ಹೇಳಿದರೆ ‘ಸಾಕು’ ಎನ್ನುವುದು ತೃಪ್ತಿ. ಅದೇ ಮಾತಿಗೆ ಒಂದು ಉಸಿರು ಜಾಸ್ತಿ ಹಾಕಿ ‘ಸಾಕಾಗಿ ಹೋಗಿದೆ’ ಎಂದರೆ ರೋಸಿಹೋಗಿದ್ದೇನೆ ಎಂದರ್ಥ. ಅಜ್ಜಿ ಯಾವುದನ್ನು ಹೇಳಿದರು? ಕೇಳಿದ್ದಕ್ಕೆ ಅವರು ನಕ್ಕು, ಕಾಗದದತ್ತ ಬಗ್ಗಿ, ‘ಇದೇನವ್ವ ಚೌಕಾಬಾರದ ಮನೆ ಇದ್ದಂಗೈತೆ’ ಎಂದು ಮಾತು ತಿರುಗಿಸಿದರು.

ಇದು ನಡೆದದ್ದು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿನ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಹೆಸರು ಹಾಕಿದರೆ ನಾಳೆ ಅಲ್ಲಿಗೂ ಸೈಟು ನೋಡುವವರ ಕಾರು ಬರುತ್ತದೆ. ತಂಗಿಯ ಮಗಳಾದ ಈ ಸೊಸೆ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ನಗರದ ಅಂಚಿನಲ್ಲಿರುವ ರಕ್ಷಿತಾರಣ್ಯದ ಸುತ್ತಲಿನ ಬಫರ್ ವಲಯದ ಬಗ್ಗೆ ಜನರಿಗೆ ಎಷ್ಟು ಸಮಾಧಾನವಿದೆ ಎಂಬುದು ಅವಳ ಪ್ರಾಜೆಕ್ಟು. ಸ್ಕೂಟರಿನಲ್ಲಿ ಒಬ್ಬಳೇ ಹೋಗಬೇಡ ಎಂದು ತಂಗಿ ಹಟ ಹಿಡಿದಳು. ಹಾಗಾಗಿ ನಾಲ್ಕು ಭಾನುವಾರ ನಾನು ಸಾರಥಿ. ನನಗೂ ಒಂದು ಸ್ವಾರ್ಥವಿತ್ತು. ಬನ್ನೇರುಘಟ್ಟ ರಸ್ತೆಯ ಆಚೀಚೆ ಹದಿನಾರು ವರ್ಷದಿಂದ ಇದ್ದೇನೆ, ಆ ವಲಯದ ಗೆರೆಯ ಬಗ್ಗೆ ಓದಿದ್ದೇನೆ, ಬರೆದಿದ್ದೇನೆ, ಸಹಿ ಹಾಕಿದ್ದೇನೆ. ಗೆರೆಯ ಒಳಗೆ ಕುಳಿತು ಒಂದು ಲೋಟ ಕಾಫಿ ಕುಡಿದಿರಲಿಲ್ಲ.

ಮೊದಲು ಗೆರೆಯ ಕತೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾದದ್ದು 1974ರಲ್ಲಿ. ಆಗ ಅದರ ವಿಸ್ತೀರ್ಣ 104 ಚದರ ಕಿಲೋಮೀಟರ್ ಚಿಲ್ಲರೆ. ಮುಂದೆ ಅಕ್ಕಪಕ್ಕದ ಕಾಡುಗಳನ್ನು ಸೇರಿಸಿಕೊಂಡು 260 ದಾಟಿತು. ನಕಾಶೆಯಲ್ಲಿ ನೋಡಿದರೆ ಅದಕ್ಕೆ ಕಾಡಿನ ಆಕಾರವೇ ಇಲ್ಲ. ಯಾರೋ ಪಂಚೆಯನ್ನು ಹಿಂಡಿ ಬಂಡೆಯ ಮೇಲೆ ಎಸೆದಂತೆ ಉದ್ದಕ್ಕೆ, ಸೊಟ್ಟಕ್ಕೆ ಬಿದ್ದಿದೆ. ಕೆಲವು ಕಡೆ ಎಷ್ಟು ಸಪೂರವೆಂದರೆ, ಒಂದು ಅಂಚಿನಲ್ಲಿ ಹೊಡೆದ ಪಟಾಕಿ ಇನ್ನೊಂದು ಅಂಚಿಗೆ ಕೇಳುತ್ತದೆ. ಉತ್ತರದ ತಲೆ ಬೆಂಗಳೂರಿಗೆ ತಾಗಿದೆ. ದಕ್ಷಿಣದ ಬಾಲ ತಮಿಳುನಾಡಿನ ತಳಿ ಕಡೆಯ ಕಾಡನ್ನೂ ಕಾವೇರಿ ವನ್ಯಧಾಮವನ್ನೂ ಹಿಡಿದುಕೊಂಡಿದೆ. ಆ ಬಾಲದ ಮೂಲಕವೇ ಆನೆ ಬರುವುದು. ಮೆಜೆಸ್ಟಿಕ್‌ನಲ್ಲಿ 365 ನಂಬರಿನ ಬಸ್ಸು ಹತ್ತಿ ಕಡೇ ಸ್ಟಾಪಿನಲ್ಲಿ ಇಳಿಯುವವರಿಗೆ ಕಾಣುವುದು ಮೃಗಾಲಯ, ಸಫಾರಿ, ಚಿಟ್ಟೆ ಉದ್ಯಾನ. ನಿಜವಾದ ಉದ್ಯಾನ ಅದರ ಬೆನ್ನ ಹಿಂದೆ ಉಳಿದುಬಿಡುತ್ತದೆ.

ಇಂಥ ಕಾಡಿಗೆ ಸುತ್ತ ಒಂದು ಮೆತ್ತೆ ಬೇಕು ಎನ್ನುವುದು ಪರಿಸರ ಸೂಕ್ಷ್ಮ ವಲಯದ ಹಿಂದಿನ ಆಲೋಚನೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ ಅದನ್ನು ಘೋಷಿಸುತ್ತದೆ. ಮೆತ್ತೆಯೊಳಗೆ ಕಲ್ಲು ಗಣಿ, ಕ್ರಷರ್, ಮಾಲಿನ್ಯ ಹುಟ್ಟಿಸುವ ಕಾರ್ಖಾನೆ ಕೂಡದು. ಹೊಸ ಹೋಟೆಲ್ಲು, ರೆಸಾರ್ಟು, ವಾಣಿಜ್ಯ ಕಟ್ಟಡಗಳಿಗೆ ಕಡಿವಾಣ. ರೈತ ತನ್ನ ಹೊಲ ತಾನು ಉಳಬಹುದು, ತನ್ನ ಜಾಗದಲ್ಲಿ ತನಗೊಂದು ಮನೆ ಕಟ್ಟಿಕೊಳ್ಳಬಹುದು. ಪಹಣಿಯಲ್ಲಿನ ಹೆಸರು ಬದಲಾಗುವುದಿಲ್ಲ, ಯಾರ ಭೂಮಿಯೂ ಅರಣ್ಯ ಇಲಾಖೆಗೆ ಹೋಗುವುದಿಲ್ಲ. ಓದಿದರೆ ಯಾರೂ ಬೇಡವೆನ್ನದಂಥ ಏರ್ಪಾಡು. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ವಲಯವನ್ನು ‘ಶಾಕ್ ಅಬ್ಸಾರ್ಬರ್’ ಎಂದೇ ಕರೆದಿದ್ದಾರೆ. ಸ್ಕೂಟರಿನ ಸೀಟಿನಡಿ ಇರುತ್ತದಲ್ಲ, ಅದೇ.

ಬನ್ನೇರುಘಟ್ಟಕ್ಕೆ ಈ ಶಾಕ್ ಅಬ್ಸಾರ್ಬರ್ ಹಾಕಲು 2016ರಲ್ಲಿ ಕರಡು ಬಂತು: 268.96 ಚದರ ಕಿಲೋಮೀಟರ್. ಅದು ಅಂತಿಮವಾಗದೆ ಅವಧಿ ಮೀರಿ ಬಿದ್ದುಹೋಯಿತು. 2018ರಲ್ಲಿ ಹೊಸ ಕರಡು: 168.84. ಸುಮಾರು 100 ಚದರ ಕಿಲೋಮೀಟರ್ ಕಡಿತ. ಬೆಂಗಳೂರಿನ ಪರಿಸರಾಸಕ್ತರು ಆಕ್ಷೇಪಣೆ ಬರೆದರು, ಫಲಕ ಹಿಡಿದು ನಿಂತರು. 2020ರ ಮಾರ್ಚಿನಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದಾಗ ಅಂಕಿ ಅದೇ 168.84 ಇತ್ತು. ಮೆತ್ತೆಯ ಅಗಲ ಎಲ್ಲ ಕಡೆ ಒಂದೇ ಅಲ್ಲ. ರಾಮನಗರದ ಕಡೆ ಒಂದು ಕಿಲೋಮೀಟರ್. ಬೆಂಗಳೂರಿನ ಕಡೆ ನೂರು ಮೀಟರ್.

ಈ ಕೊನೆಯ ಅಂಕಿಯನ್ನು ನಾನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಎಂದುಕೊಂಡೆ. ಹೊಡೆತ ಬೀಳುವುದು ಬೆಂಗಳೂರಿನಿಂದ. ಲೇಔಟು, ಟ್ಯಾಂಕರು, ಹಾರನ್ನು, ಹೈಮಾಸ್ಟ್ ದೀಪ ಎಲ್ಲವೂ ಈ ಕಡೆಯವು. ಹೊಡೆತ ಹೆಚ್ಚಿರುವಲ್ಲೇ ಮೆತ್ತೆ ತೆಳು, ಹುರುಳಿ ರಾಗಿ ಬೆಳೆದುಕೊಂಡು ತೆಪ್ಪಗಿರುವ ಊರುಗಳ ಕಡೆ ದಪ್ಪ! ಇದಕ್ಕೆ ಅಧಿಕಾರಿಗಳ ಬಳಿ ಒಂದು ವಿವರಣೆಯಿದೆ, ಅದು ತೀರಾ ಹುಸಿಯೂ ಅಲ್ಲ. ನಗರದ ಕಡೆ ಆಗಲೇ ಕಟ್ಟಡಗಳೆದ್ದಿವೆ, ಕಟ್ಟಿದ್ದನ್ನು ಕೆಡವಲಾಗದು, ಖಾಲಿ ಇರುವಲ್ಲಿ ಮಾತ್ರ ಗೆರೆ ಎಳೆಯಲು ಸಾಧ್ಯ ಎಂಬುದು. ಹೌದು. ಆದರೆ ಇದರ ಅರ್ಥ ಏನಾಯಿತು ನೋಡಿ. ಮೊದಲೇ ನುಗ್ಗಿ ಕಟ್ಟಿದವನಿಗೆ ವಿನಾಯಿತಿ, ಸುಮ್ಮನಿದ್ದವನಿಗೆ ನಿಯಮ. ನೂರು ಮೀಟರ್ ಅಂದರೆ ಆನೆಗೆ ಒಂದೂವರೆ ನಿಮಿಷದ ನಡಿಗೆ.

ನಮ್ಮ ಅಪಾರ್ಟ್‌ಮೆಂಟು ಆ ನೂರು ಮೀಟರಿನಿಂದ ಸಾಕಷ್ಟು ದೂರವಿದೆ, ಕಾನೂನಿನ ಪ್ರಕಾರ ಎಲ್ಲ ಸರಿಯಿದೆ. ಆದರೂ ಹೇಳುವುದನ್ನು ಹೇಳಿಬಿಡಬೇಕು. ಏಳನೇ ಮಹಡಿಯ ನಮ್ಮ ಬಾಲ್ಕನಿಯಿಂದ ಮಳೆ ಬಿದ್ದ ಮಾರನೇ ದಿನ ಕಾಡಿನ ನೀಲಿ ಅಂಚು ಕಾಣುತ್ತದೆ. ಆ ನೋಟಕ್ಕೆಂದು ಬಿಲ್ಡರು ಚದರಡಿಗೆ ಇಷ್ಟು ಎಂದು ಜಾಸ್ತಿ ತೆಗೆದುಕೊಂಡಿದ್ದ. ನಾವೂ ಖುಷಿಯಿಂದಲೇ ಕೊಟ್ಟಿದ್ದೆವು. 2018ರಲ್ಲಿ ಕರಡು ಕುಗ್ಗಿದಾಗ ನಮ್ಮ ನಿವಾಸಿಗಳ ಸಂಘದ ವಾಟ್ಸಾಪಿನಲ್ಲಿ ಆಕ್ರೋಶ ಉಕ್ಕಿತು. ಬಹಳ ಮಂದಿ ಆಕ್ಷೇಪಣೆಗೆ ಸಹಿ ಹಾಕಿದೆವು. ಆ ವಾರವೇ ಬೋರು ಬತ್ತಿ, ದಿನಕ್ಕೆ ಆರು ಟ್ಯಾಂಕರ್ ನೀರು ತರಿಸುತ್ತಿದ್ದೆವು. ಟ್ಯಾಂಕರಿನವನನ್ನು ನೀರು ಎಲ್ಲಿಂದಪ್ಪ ಎಂದು ಕೇಳಿದೆ. ಅವನು ಕಾಡಿನ ಅಂಚಿನ ಒಂದು ಊರಿನ ಹೆಸರು ಹೇಳಿದ. ಈಗ ಅಜ್ಜಿಯ ಜಗಲಿಯ ಮೇಲೆ ಕುಳಿತಿದ್ದೆನಲ್ಲ, ಅದರ ಪಕ್ಕದ ಊರು.

ನನ್ನ ಸೊಸೆಯ ಪ್ರಶ್ನಾವಳಿ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಓಡಾಡಿತು. ಅಲ್ಲಿ ಹದಿನಾಲ್ಕನೇ ಪ್ರಶ್ನೆಗೆ ಯಾರೂ ತಡವರಿಸಲಿಲ್ಲ. ಗಾಳಿ ಚೆನ್ನಾಗಿದೆ, ಬೆಳಗಿನ ವಾಕಿಂಗಿಗೆ ನವಿಲಿನ ಕೂಗು ಕೇಳಿಸುತ್ತದೆ, ಆಸ್ತಿಯ ಬೆಲೆಯೂ ಏರಿದೆ, ಅತ್ಯಂತ ತೃಪ್ತಿ. ವಲಯ ಇನ್ನೂ ಅಗಲ ಇರಬೇಕಿತ್ತು ಎಂದವರೂ ಬಹಳ. ಅವರನ್ನು ಹಗುರವಾಗಿ ಕಾಣುವಂತಿಲ್ಲ. ತುರಹಳ್ಳಿಯ ಕಾಡನ್ನು ವೃಕ್ಷೋದ್ಯಾನ ಮಾಡುತ್ತೇವೆ ಎಂದು 2021ರಲ್ಲಿ ಸರ್ಕಾರ ಹೊರಟಾಗ ಬೀದಿಗಿಳಿದು ತಡೆದವರು ಇಂಥದೇ ಬಡಾವಣೆಗಳ ಜನ. ಅವರಿಲ್ಲದಿದ್ದರೆ ಅಲ್ಲೀಗ ಸಿಮೆಂಟಿನ ಆನೆ ಇರುತ್ತಿತ್ತು. ಆದರೆ ತೃಪ್ತಿಯನ್ನು ಅಳೆಯುವಾಗ ಒಂದು ಮಾತು ನೆನಪಿರಬೇಕು. ಗೆರೆಯ ಹೊರಗಿರುವವನಿಗೆ ಗೆರೆ ಒಂದು ನೋಟ. ಒಳಗಿರುವವನಿಗೆ ಅದು ದಿನಚರಿ.

ಆ ದಿನಚರಿಯ ಒಂದು ರಾತ್ರಿಯನ್ನು ನೋಡಲೆಂದು ಮೂರನೇ ಭಾನುವಾರ ನಾನು ಊರಲ್ಲೇ ಉಳಿದೆ. ಸೊಸೆ ಸಂಜೆ ಬಸ್ಸಿಗೆ ಹೋದಳು. ಅಜ್ಜಿಯ ಮಗ, ಐವತ್ತರ ಆಸುಪಾಸಿನವರು, ಹೊಲದ ಮೂಲೆಯ ಹುಣಸೆ ಮರದ ಮೇಲೆ ಅಟ್ಟಣೆ ಕಟ್ಟಿದ್ದರು. ಕಾರ್ತಿಕ ಕಳೆದು ಚಳಿ ಬಲಿತಿತ್ತು. ರಾಗಿ ತೆನೆ ಬಗ್ಗಿ, ಅಕ್ಕಡಿ ಸಾಲಿನ ಅವರೆ ಹೂಬಿಟ್ಟು ಸೊಗಡಿನ ವಾಸನೆ. ಇನ್ನೊಂದು ವಾರದಲ್ಲಿ ಕುಯ್ಲು. ಆ ಒಂದು ವಾರವೇ ಕಷ್ಟದ್ದು ಎಂದರು. ಕಾವೇರಿ ಕಡೆಯಿಂದ ಬರುವ ಆನೆಗಳಿಗೆ ಈ ವಾರದ ಲೆಕ್ಕ ರೈತರಷ್ಟೇ ಚೆನ್ನಾಗಿ ಗೊತ್ತು.

‘ಆಫೀಸ್ನೋರು ಬಫರ್ ಅಂತಾರೆ ಸ್ವಾಮಿ. ನಮ್ದು ಅಂಚು. ನಮ್ಮಪ್ಪನ ಕಾಲದಿಂದ ಅಂಚೇ. ಪೇಪರ್ನಲ್ಲಿ ಹೆಸರು ಬಂದಿದ್ದು ಈಗ.’

ಅಟ್ಟಣೆಯ ಮೇಲೆ ಒಂದು ಚಾಪೆ, ಎರಡು ರಗ್ಗು, ನಾಲ್ಕು ಸೆಲ್ಲಿನ ಟಾರ್ಚು, ಒಂದು ತಮಟೆ, ದೀಪಾವಳಿಯಲ್ಲಿ ಉಳಿಸಿಟ್ಟ ಪಟಾಕಿಯ ಡಬ್ಬ. ಉತ್ತರಕ್ಕೆ ತಿರುಗಿದರೆ ಬೆಂಗಳೂರಿನ ಬೆಳಕು ಆಕಾಶಕ್ಕೆ ಕಿತ್ತಳೆ ಬಣ್ಣ ಬಳಿದಿತ್ತು. ನಮ್ಮ ಅಪಾರ್ಟ್‌ಮೆಂಟಿನ ನೆತ್ತಿಯ ಕೆಂಪು ದೀಪ ಕೂಡ ಅದರಲ್ಲಿ ಎಲ್ಲೋ ಇರಬೇಕು. ದಕ್ಷಿಣಕ್ಕೆ ತಿರುಗಿದರೆ ಬರೀ ಕಪ್ಪು. ಎರಡರ ನಡುವೆ ಒಂದೂಕಾಲು ಎಕರೆ ರಾಗಿ.

ಹನ್ನೊಂದರ ತನಕ ಮಾತಾಡಿದೆವು. ಕ್ವಾರಿ ನಡೆಯುತ್ತಿದ್ದಾಗ ಅವರು ಜಲ್ಲಿ ಲಾರಿ ಓಡಿಸುತ್ತಿದ್ದರಂತೆ. ಮಧ್ಯಾಹ್ನ ಸಿಡಿತಕ್ಕೆ ಮನೆಯ ಗೋಡೆ ಬಿರುಕು ಬಿಡುತ್ತಿತ್ತು, ತಿಂಗಳ ಕೊನೆಗೆ ಅದೇ ಕ್ವಾರಿಯ ಸಂಬಳದಲ್ಲಿ ಆ ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದೆವು ಎಂದು ನಕ್ಕರು. ಕ್ವಾರಿ ನಿಂತಿದ್ದು ಒಳ್ಳೆಯದಾಯಿತೇ ಎಂದು ಕೇಳಿದೆ. ‘ಒಳ್ಳೇದೇ ಆಯ್ತು. ಅವ್ವನ ಕೆಮ್ಮು ಕಮ್ಮಿ ಆಯ್ತು. ನನ್ ಕೆಲ್ಸ ಹೋಯ್ತು.’ ಎರಡು ಮಾತಿಗೂ ಒಂದೇ ದನಿ. ‘ಆಮೇಲೆ’ ಇಲ್ಲ, ‘ಆದರೆ’ಯೂ ಇಲ್ಲ.

ಎರಡು ಗಂಟೆಗೆ ನನಗೆ ಮಂಪರು. ಅವರು ತೋಳು ಮುಟ್ಟಿದರು. ಏನೂ ಕಾಣಲಿಲ್ಲ. ಮೊದಲು ಕೇಳಿದ್ದು ನೀರಿನ ಪೈಪು ಮುರಿದ ಸದ್ದು, ಚಿಟ್ ಅಂತ. ಆಮೇಲೆ, ಯಾರೋ ಮುದುಕರು ಹುಲ್ಲು ಮೆಲ್ಲಗೆ ಕೀಳುತ್ತಿರುವಂತೆ ಒಂದೇ ಲಯದ ಸದ್ದು. ಕೀಳುವುದು, ಮಣ್ಣು ಕೊಡವಲು ಕಾಲಿಗೆ ಬಡಿಯುವುದು, ಜಗಿಯುವುದು. ಕತ್ತಲಿಗೆ ಕಣ್ಣು ಹೊಂದಿದ ಮೇಲೆ ರಾಗಿಯ ನಡುವೆ ಬಂಡೆಯೊಂದು ನಿಂತ ಹಾಗೆ ಕಂಡಿತು. ಮಧ್ಯಾಹ್ನ ಅಲ್ಲಿ ಬಂಡೆ ಇರಲಿಲ್ಲ. ನನಗೆ ಭಯಕ್ಕಿಂತ ಮೊದಲು ಬಂದದ್ದು, ನಾಚಿಕೆಯಿಂದಲೇ ಹೇಳುತ್ತೇನೆ, ಸಂತೋಷ. ಪಕ್ಕದಲ್ಲಿದ್ದವರು ಟಾರ್ಚು ಬಿಡಲಿಲ್ಲ. ಒಂಟಿ ಸಲಗ, ಪಟಾಕಿ ಹೊಡೆದರೆ ಬೆದರಿ ಅಡ್ಡಾದಿಡ್ಡಿ ಓಡಿ ಇಡೀ ಹೊಲ ತುಳಿಯುತ್ತದೆ, ತಾನಾಗಿ ಹೋಗಲಿ ಎಂದು ಪಿಸುಗುಟ್ಟಿದರು. ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಕೂತೆವು. ಕೊನೆಗೆ ಆಚೆ ಹೊಲದಲ್ಲಿ ಯಾರೋ ತಮಟೆ ಬಡಿದರು, ಬಂಡೆ ಕರಗಿತು.

ಬೆಳಿಗ್ಗೆ ನೋಡಿದರೆ ತಿಂದದ್ದು ಹತ್ತಾರು ಮಾರು ಜಾಗ, ತುಳಿದದ್ದು ಅದರ ಮೂರರಷ್ಟು. ಹನಿ ನೀರಾವರಿ ಪೈಪು ನಾಲ್ಕು ಕಡೆ ಮುರಿದಿತ್ತು. ಪರಿಹಾರಕ್ಕೆ ಅರ್ಜಿ ಹಾಕುವುದಿಲ್ಲವೇ ಎಂದೆ. ಫೋಟೊ ತೆಗೆಯಬೇಕು, ಪಹಣಿ ಬೇಕು, ಪಹಣಿ ಇನ್ನೂ ತಾತನ ಹೆಸರಲ್ಲಿದೆ, ಅಣ್ಣತಮ್ಮಂದಿರ ಭಾಗವಾಗಿಲ್ಲ. ‘ಆನೆಗೆ ಪಹಣಿ ಕೇಳಂಗಿಲ್ಲ, ನಮಗೆ ಕೇಳ್ತಾರೆ’ ಎಂದು ಪೈಪಿಗೆ ರಬ್ಬರ್ ಸುತ್ತತೊಡಗಿದರು.

ಊರಲ್ಲಿ ಹೀಗೆ ಕೇಳುತ್ತ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಗುತ್ತ ಬಂತು. ಇವರ ಮುನಿಸು ಕಾಡಿನ ಮೇಲಲ್ಲ, ಆನೆಯ ಮೇಲಂತೂ ಅಲ್ಲವೇ ಅಲ್ಲ. ನಿಯಮದ ಮೇಲೂ ಪೂರ್ತಿ ಅಲ್ಲ. ನಿಯಮ ಏನೆಂದು ಯಾರಿಗೂ ಗೊತ್ತಿಲ್ಲ, ಅದರ ಮೇಲೆ ಮುನಿಸು. ಮನೆಗೆ ಇನ್ನೊಂದು ಕೋಣೆ ಹಾಕಬಹುದೇ? ಒಬ್ಬರು ಹಾಕಬಹುದು ಎನ್ನುತ್ತಾರೆ, ಇನ್ನೊಬ್ಬರು ಜೋನು ಬಂದಮೇಲೆ ಇಟ್ಟಿಗೆ ಇಡುವಂತಿಲ್ಲ ಎನ್ನುತ್ತಾರೆ. ಅಧಿಸೂಚನೆಗಳಲ್ಲಿ ಸ್ಥಳೀಯರು ತಮ್ಮ ಬಳಕೆಗೆ ತಮ್ಮ ಜಮೀನಿನಲ್ಲಿ ಮನೆ ಕಟ್ಟಿಕೊಳ್ಳಲು ಅವಕಾಶವಿದೆ. ಆ ಮಾತನ್ನು ನನ್ನ ಸೊಸೆಯ ಫೋನಿನಲ್ಲಿ ನಾವು ಓದಿ ಹೇಳಿದಾಗ, ಊರ ಹಾಲಿನ ಡೇರಿಯ ಮುಂದೆ ನಿಂತಿದ್ದವರು ನಂಬಲಿಲ್ಲ. ಒಬ್ಬರು, ‘ಹಂಗಂತ ಕನ್ನಡದಲ್ಲಿ ಎಲ್ಲಾರ ಬರ್ದವ್ರಾ?’ ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಭಾರತದ ರಾಜ್ಯಪತ್ರ ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕರಡು ಹೊರಬಿದ್ದ ಮೇಲೆ ಆಕ್ಷೇಪಣೆ ಸಲ್ಲಿಸಲು 60 ದಿನ. ನಮ್ಮ ಅಪಾರ್ಟ್‌ಮೆಂಟಿನಿಂದ ದೆಹಲಿಗೆ ಇ-ಮೇಲು ಹೋಗಲು ಅರವತ್ತು ಸೆಕೆಂಡು ಬೇಕಾಗಲಿಲ್ಲ. ಈ ಊರಿಗೆ ಸುದ್ದಿ ಮುಟ್ಟಿದ್ದು, ಅರವತ್ತು ದಿನ ಮುಗಿದು ಎಷ್ಟೋ ಕಾಲದ ಮೇಲೆ, ಬ್ಯಾಂಕಿನ ಮ್ಯಾನೇಜರು ಒಬ್ಬ ರೈತನಿಗೆ ನಿಮ್ಮದು ಜೋನಿನಲ್ಲಿದೆ, ಸಾಲ ಕಷ್ಟ ಎಂದಾಗ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡಿನ ವಿಚಾರದಲ್ಲಿ ದೆಹಲಿ ಹೈಕೋರ್ಟು, ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅದನ್ನು ಅನುವಾದಿಸಿ ಜನರಿಗೆ ಮುಟ್ಟಿಸಿ ಎಂದು ಹೇಳಬೇಕಾಯಿತು. ಹೇಳದೆಯೇ ಮಾಡಬೇಕಾದ ಕೆಲಸ ಅದು. ಸೂಕ್ಷ್ಮ ವಲಯದ ಅಧಿಸೂಚನೆಗಳಲ್ಲಿ ಇನ್ನೊಂದು ಮಾತೂ ಇರುತ್ತದೆ. ಎರಡು ವರ್ಷದೊಳಗೆ ರಾಜ್ಯ ಸರ್ಕಾರ ಸ್ಥಳೀಯರನ್ನು ಕೇಳಿ, ವಲಯಕ್ಕೊಂದು ಮಹಾಯೋಜನೆ ತಯಾರಿಸಬೇಕು. ಎಲ್ಲಿ ಮನೆ, ಎಲ್ಲಿ ಕೆರೆ, ಎಲ್ಲಿ ಆನೆದಾರಿ, ಎಲ್ಲಿ ಗೋಮಾಳ ಎಂದು ಅದರಲ್ಲಿ ಬರೆಯಬೇಕು. ನನ್ನನ್ನು ಕೇಳಿದರೆ ಇಡೀ ಅಧಿಸೂಚನೆಯ ಜೀವ ಇರುವುದು ಆ ಒಂದು ವಾಕ್ಯದಲ್ಲಿ. ನಾಲ್ಕು ಭಾನುವಾರದಲ್ಲಿ ನಾವು ಮಾತಾಡಿಸಿದವರಲ್ಲಿ, ಅಂಥ ಯೋಜನೆಗೆಂದು ತನ್ನನ್ನು ಯಾರೋ ಬಂದು ಕೇಳಿದ್ದರು ಎಂದವರು ಒಬ್ಬರೂ ಸಿಗಲಿಲ್ಲ.

ತಿಳಿಯದ ಕಡೆ ವದಂತಿ ಬೆಳೆಯುತ್ತದೆ. ವದಂತಿ ಇರುವ ಕಡೆ ಬ್ರೋಕರು ಬರುತ್ತಾನೆ. ಊರ ಹೊರಗೆ ಕೆಮ್ಮಣ್ಣಿನಲ್ಲಿ ಗೆರೆ ಎಳೆದು, ಕಲ್ಲು ನೆಟ್ಟು, ಮೂವತ್ತು ನಲವತ್ತರ ಸೈಟು ಮಾಡಿದ ಲೇಔಟೊಂದನ್ನು ನೋಡಿದೆವು. ಬೋರ್ಡಿನ ಮೇಲೆ ಹಸಿರು ಮರ, ಜಿಂಕೆ, ನಗುವ ಮಗು. ‘ಪ್ರಕೃತಿಯ ಮಡಿಲಲ್ಲಿ’ ಎಂಬ ಸಾಲು. ಅಲ್ಲಿ ಒಂದು ಸೈಟು ಕೊಂಡ ಶಾಲಾ ವ್ಯಾನಿನ ಚಾಲಕರೊಬ್ಬರು ಸಿಕ್ಕರು. ಹೆಂಡತಿಯ ಒಡವೆ ಇಟ್ಟು ಕೊಂಡ ಸೈಟು. ಜೋನಿನ ವಿಷಯ ಕೇಳಿದ್ದಕ್ಕೆ ಬ್ರೋಕರು, ‘ಗೆರೆ ಕಮ್ಮಿ ಮಾಡವ್ರೆ ಸಾರ್, ಇನ್ನೂ ಕಮ್ಮಿ ಮಾಡ್ತಾರೆ’ ಎಂದಿದ್ದನಂತೆ. ಈಗ ಖಾತೆ ಆಗುತ್ತಿಲ್ಲ, ಭೂಪರಿವರ್ತನೆ ಇಲ್ಲ, ಬ್ರೋಕರಿನ ಫೋನು ಸ್ವಿಚಾಫ್. ನೂರು ಚದರ ಕಿಲೋಮೀಟರ್ ಕಡಿತವಾದ ಸುದ್ದಿ ಪೇಪರಿನಲ್ಲಿ ಒಂದು ದಿನದ ತಲೆಬರಹ. ಈ ಕಡೆ ಅದು ವರ್ಷಗಟ್ಟಲೆ ಬ್ರೋಕರರ ಬಾಯಿಪಾಠ. ಒಮ್ಮೆ ಕುಗ್ಗಿದ ಗೆರೆ ಮತ್ತೆಯೂ ಕುಗ್ಗೀತು ಎಂದು ನಂಬಿಸಲು ಸಾಕ್ಷಿ ಬೇರೆ ಬೇಕೇ?

ಗೆರೆ ಹಿಗ್ಗಿ ಕುಗ್ಗಿ ಜನರ ನೆಮ್ಮದಿ ಕೆಡಿಸಿದ್ದು ಇಲ್ಲೊಂದೇ ಅಲ್ಲ. ದೆಹಲಿಗೆ ಹೊಂದಿಕೊಂಡ ನೋಯ್ಡಾದಲ್ಲಿ ಯಮುನೆಯ ದಡಕ್ಕೆ ಓಖ್ಲಾ ಪಕ್ಷಿಧಾಮವಿದೆ, ಕೇವಲ ನಾಲ್ಕು ಚದರ ಕಿಲೋಮೀಟರಿನದು. ಅದರ ಸುತ್ತ ವಲಯ ಘೋಷಣೆಯಾಗಿಲ್ಲವಾದ್ದರಿಂದ ಹತ್ತು ಕಿಲೋಮೀಟರ್ ವ್ಯಾಪ್ತಿಯ ಕಟ್ಟಡಗಳಿಗೆ ಪೂರ್ಣತಾ ಪತ್ರ ಕೊಡಬಾರದೆಂದು 2013ರಲ್ಲಿ ಹಸಿರು ನ್ಯಾಯಮಂಡಳಿ ತಡೆಯೊಡ್ಡಿತು. ಸಾಲದ ಕಂತು ಕಟ್ಟುತ್ತಿದ್ದ ಸಾವಿರಾರು ಮಂದಿ ಬೀಗದ ಕೈ ಸಿಗದೆ ಕೂತರು. 2015ರ ಆಗಸ್ಟಿನಲ್ಲಿ ಅಧಿಸೂಚನೆ ಬಂದಾಗ ವಲಯ ಮೂರು ದಿಕ್ಕಿಗೆ ನೂರು ಮೀಟರ್, ಉತ್ತರಕ್ಕೆ ಮಾತ್ರ 1.27 ಕಿಲೋಮೀಟರ್. ಫ್ಲ್ಯಾಟಿನವರು ಸಿಹಿ ಹಂಚಿದರೆ ಅವರನ್ನು ದೂರಲಾರೆ. ಹತ್ತು ಕಿಲೋಮೀಟರ್ ಹೇಗೆ ಯಾರೂ ಯೋಚಿಸದ ಅಂಕಿಯೋ, ನೂರು ಮೀಟರೂ ಹಾಗೇ. ಬೆಂಗಳೂರಿನ ಕೆರೆಗಳ ಕತೆಯೂ ಇದರ ದಾಯಾದಿ. ಕೆರೆಯಂಚಿನಿಂದ 75 ಮೀಟರ್ ಬಫರ್ ಎಂದು 2016ರಲ್ಲಿ ನ್ಯಾಯಮಂಡಳಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಕೇರಳದಲ್ಲಿ ಜನ ಹರತಾಳ ಮಾಡಿದ್ದು 2022ರಲ್ಲಿ, ಎಲ್ಲ ರಕ್ಷಿತಾರಣ್ಯಕ್ಕೂ ಕನಿಷ್ಠ ಒಂದು ಕಿಲೋಮೀಟರ್ ಕಡ್ಡಾಯ ಎಂಬ ಆದೇಶ ಬಂದಾಗ. ಮರುವರ್ಷ ಆ ಆದೇಶವೇ ಸಡಿಲವಾಯಿತು. ಈ ಎಲ್ಲದರಲ್ಲೂ ಚರ್ಚೆ ನಡೆದದ್ದು ಅಗಲದ ಬಗ್ಗೆ. ಒಳಗಿರುವವರಿಗೆ ಏನು ಸಿಗುತ್ತದೆ ಎನ್ನುವುದರ ಬಗ್ಗೆ ಅಲ್ಲ.

ಮುಂಬೈ ಸ್ವಲ್ಪ ಬೇರೆ. ಬೊರಿವಲಿಯ ಸಂಜಯ್ ಗಾಂಧಿ ಉದ್ಯಾನ ಸುಮಾರು 104 ಚದರ ಕಿಲೋಮೀಟರ್, ಹಳೇ ಬನ್ನೇರುಘಟ್ಟದಷ್ಟೇ. ಸುತ್ತ ಉಸಿರಾಡಲೂ ಜಾಗವಿಲ್ಲದಷ್ಟು ನಗರ. 2016ರ ಕೊನೆಗೆ ಅದರ ಸೂಕ್ಷ್ಮ ವಲಯ ಘೋಷಣೆಯಾದಾಗ ಸಿಕ್ಕಿದ್ದು 59.46 ಚದರ ಕಿಲೋಮೀಟರ್. ಮೆಟ್ರೊ ಡಿಪೊಗೆಂದು ಪಕ್ಕದ ಆರೆಯ 165 ಹೆಕ್ಟೇರನ್ನು ಅದರಿಂದ ಹೊರಗಿಟ್ಟರು, 2019ರ ಅಕ್ಟೋಬರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ರಾತ್ರೋರಾತ್ರಿ ಉರುಳಿದವು. ಇದು ಎಲ್ಲರಿಗೂ ಗೊತ್ತಿರುವ ಭಾಗ. ನನಗೆ ಹೆಚ್ಚು ಮುಖ್ಯವೆನಿಸುವುದು ಅದಕ್ಕೂ ಹಿಂದಿನದು. 2004ರ ಆಸುಪಾಸಿನಲ್ಲಿ ಅಲ್ಲಿ ಚಿರತೆ ದಾಳಿಗೆ ಹಲವರು ಸತ್ತರು. ಚಿರತೆ ಕಂಡರೆ ಹಿಡಿಯುವುದು, ಬೇರೆ ಕಡೆ ಹಿಡಿದದ್ದನ್ನು ಇಲ್ಲಿ ತಂದು ಬಿಡುವುದು ಆಗಿನ ಪದ್ಧತಿ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ಇನ್ನಷ್ಟು ಅಪಾಯ ಎಂದು ವಿದ್ಯಾ ಅತ್ರೇಯ ಮುಂತಾದ ಸಂಶೋಧಕರು ತೋರಿಸಿಕೊಟ್ಟರು. 2011ರ ಬಳಿಕ ಅರಣ್ಯ ಇಲಾಖೆ, ನಾಗರಿಕರು, ಪೊಲೀಸರು, ಪತ್ರಕರ್ತರು ಸೇರಿ ಮನೆಮನೆಗೆ, ಶಾಲೆಗೆ ಹೋಗಿ ಹೇಳಿದರು. ಕಸ ಬಿಸಾಡಬೇಡಿ, ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ. ರಾತ್ರಿ ಮಕ್ಕಳನ್ನು ಬಯಲಿಗೆ ಒಂಟಿಯಾಗಿ ಕಳಿಸಬೇಡಿ. ಕಂಡ ಕೂಡಲೇ ಹಿಡಿಯಿರಿ ಎಂದು ಕೂಗಬೇಡಿ. ಆರೆಯ ವಾರ್ಲಿ ಹಾಡಿಗಳಲ್ಲಿ ವಾಘೋಬಾ ದೇವರ ಪೂಜೆ ಇದಕ್ಕೂ ಮುಂಚಿನಿಂದ ಇದ್ದದ್ದು. ಹೊಸದಾಗಿ ಕಲಿಯಬೇಕಾಗಿದ್ದು ಗೋಪುರದ ಮನೆಗಳಲ್ಲಿದ್ದವರು. ಗೆರೆಯ ಅಗಲ ಒಂದು ಅಂಗುಲವೂ ಹೆಚ್ಚದೆ ಅಲ್ಲಿನ ಜನರ ಭಯ ಇಳಿಯಿತು.

ನಮ್ಮಲ್ಲೂ ಚಿರತೆಗೆ ಬರವಿಲ್ಲ. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರ ತಂಡ ಕ್ಯಾಮೆರಾ ಕಟ್ಟಿ ಎಣಿಸಿದಾಗ ಬೆಂಗಳೂರಿನ ಸುತ್ತಮುತ್ತ 80ರಿಂದ 85 ಚಿರತೆಗಳಿರಬಹುದೆಂದು ಕಂಡುಬಂತು, ಅದರಲ್ಲಿ 54 ಬನ್ನೇರುಘಟ್ಟದಲ್ಲೇ. 2016ರಲ್ಲಿ ವೈಟ್‌ಫೀಲ್ಡ್ ಕಡೆಯ ಶಾಲೆಗೆ ನುಗ್ಗಿದ ಚಿರತೆಯಿಂದ ಗಾಯಗೊಂಡವರು ಇದೇ ಗುಬ್ಬಿ. 2023ರ ನವೆಂಬರಿನ ಮೊದಲ ದಿನ ಕೂಡ್ಲು ಬಳಿ, ಪಾಳುಬಿದ್ದ ಕಟ್ಟಡದಲ್ಲಿ ಅಡಗಿದ್ದ ಚಿರತೆ ಹಿಡಿಯುವ ಗಲಾಟೆಯಲ್ಲಿ ಗುಂಡು ತಿಂದು ಸತ್ತಿತು. ಆ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ಬಗೆಯ ಸಂದೇಶ ಬಂದವು. ಪಾಪ ಎಂದು ಕೆಲವರು. ಸದ್ಯ ಹೋಯಿತಲ್ಲ ಎಂದು ಕೆಲವರು. ಎರಡನೆಯ ಗುಂಪಿನಲ್ಲಿ ಕೆಲವರು ಬಫರ್ ವಲಯಕ್ಕೆ ‘ಅತ್ಯಂತ ತೃಪ್ತಿ’ ಎಂದು ಗುರುತು ಹಾಕಿದವರು.

ನಾಲ್ಕನೇ ಭಾನುವಾರ ಹೊರಡುವ ಮುಂಚೆ ಅಜ್ಜಿಯ ಮಗನನ್ನು ನೇರವಾಗಿ ಕೇಳಿದೆ. ಏನು ಕೊಟ್ಟರೆ ನಿಮಗೆ ಈ ಜೋನು ಇರಲಿ ಅನಿಸುತ್ತದೆ? ಅವರು ದೊಡ್ಡದೇನೂ ಕೇಳಲಿಲ್ಲ. ರೈಲು ಕಂಬಿಯ ಬೇಲಿ ಅರ್ಧಕ್ಕೆ ನಿಂತಿದೆ, ನಿಂತ ಕಡೆಯಿಂದಲೇ ಆನೆ ಸುತ್ತಿ ಬರುತ್ತದೆ, ಅದೊಂದು ಮುಗಿಸಲಿ. ಬೆಳೆ ಹೋದ ಹದಿನೈದು ದಿನದೊಳಗೆ ದುಡ್ಡು ಬರಲಿ, ಎಷ್ಟೇ ಇರಲಿ. ಟ್ಯಾಂಕರಿಗೆ ನೀರು ಎತ್ತುವವರನ್ನು ಯಾರಾದರೂ ಕೇಳಲಿ. ಕ್ವಾರಿ ಬೇಡ, ಬಾರದಿರಲಿ. ಸಫಾರಿಗೆ ಅಷ್ಟು ಜನ ಬರುತ್ತಾರಲ್ಲ, ನಮ್ಮೂರ ಹುಡುಗರಿಗೆ ವಾಚರ್ ಕೆಲಸವಾದರೂ ಖಾಯಂ ಆಗಿ ಕೊಡಲಿ. ಕೊನೆಗೆ ಸ್ವಲ್ಪ ತಡೆದು, ‘ಆಚೆ ಲೇಔಟಿಗೆ ರಾತ್ರೋರಾತ್ರಿ ಕರೆಂಟ್ ಕಂಬ ಬಂತು. ನಾನು ಕೊಟ್ಟಿಗೆಗೆ ಶೀಟ್ ಹಾಕ್ಸಕ್ಕೆ ಮೂರು ಸತಿ ಅಲ್ದಿದೀನಿ. ಎಲ್ರಿಗೂ ಒಂದೇ ಜೋನ್ ಆದ್ರೆ ಆಯ್ತು ಸ್ವಾಮಿ’ ಎಂದರು. ಅವರ ಮಾತಿಗೆ ಸೊಸೆಯ ಹಾಳೆಯಲ್ಲಿ ಜಾಗವಿರಲಿಲ್ಲ. ಹಿಂದಿನ ಪುಟದ ಖಾಲಿಯಲ್ಲಿ ಬರೆದುಕೊಂಡಳು.

ಅಜ್ಜಿ ಒಂದು ಚೀಲ ಅವರೆಕಾಯಿ ಕಟ್ಟಿಕೊಟ್ಟರು. ದುಡ್ಡು ಕೊಡಹೋದರೆ ಬೈದರು. ‘ಆನೆ ತಿಂದು ಉಳಿದಿದ್ದು, ತಕಂಡೋಗಿ’ ಎಂದರು.

ಮೊನ್ನೆ ಸಂಜೆ ಬಾಲ್ಕನಿಯಲ್ಲಿ ಕುಳಿತು ಆ ಕಾಯಿ ಸುಲಿಯುತ್ತಿದ್ದೆ. ಮಳೆಯಾಗಿರಲಿಲ್ಲ, ಕಾಡು ಕಾಣುತ್ತಿರಲಿಲ್ಲ. ಸೊಸೆಯ ಫೋನು ಬಂತು. ಎಲ್ಲರ ಉತ್ತರವನ್ನೂ ಕಂಪ್ಯೂಟರಿಗೆ ತುಂಬುತ್ತಿದ್ದಾಳೆ. ಒಂದರಿಂದ ಐದರವರೆಗೆ ಅಂಕಿ, ಉತ್ತರ ಕೊಡದವರಿಗೆ ತೊಂಬತ್ತೊಂಬತ್ತು.

‘ಮಾವ, ಅಜ್ಜಿಯದಕ್ಕೆ ಏನು ಹಾಕಲಿ? ಸಾಕು ಅಂದಿದ್ದಾ, ಸಾಕಾಯ್ತು ಅಂದಿದ್ದಾ?’

‘ಎರಡೂ ಅಂದಿದ್ದು ಕಣೇ. ಒಂದೂ ಐದೂ ಎರಡೂ ಹಾಕು.’

‘ಆಗಲ್ಲ ಮಾವ, ಒಬ್ಬರಿಗೆ ಒಂದೇ ಮನೆ ಇರೋದು’ ಎಂದಳು.